ಆಸ್ಪತ್ರೆಯ ತನಿಖೆಯಲ್ಲಿ ಮನೆಯವರ ಮಾತು

ಆಸ್ಪತ್ರೆಯಲ್ಲಿ ಅನಿರೀಕ್ಷಿತವಾದ ಸಾವೋ ಜೀವನಪರ್ಯಂತ ಉಳಿಯುವ ಅಂಗಹಾನಿಯೋ ಸಂಭವಿಸಿದಾಗ ಎರಡು ಬಗೆಯ ಪ್ರಶ್ನೆಗಳು ಏಳುತ್ತವೆ. ತಪ್ಪು ಯಾರದು, ಪರಿಹಾರವೆಷ್ಟು ಎಂಬುದು ಒಂದು. ಅದು ನ್ಯಾಯಾಲಯಕ್ಕೂ ವೈದ್ಯಕೀಯ ಪರಿಷತ್ತಿಗೂ ಸೇರಿದ್ದು. ನಿಜವಾಗಿ ನಡೆದದ್ದೇನು, ಏಕೆ ನಡೆಯಿತು, ಇನ್ನೊಬ್ಬರಿಗೆ ಹೀಗಾಗದಂತೆ ಯಾವುದನ್ನು ಬದಲಿಸಬೇಕು ಎಂಬುದು ಇನ್ನೊಂದು. ಈ ಎರಡನೆಯದಕ್ಕೆ ಉತ್ತರ ಹುಡುಕುವ ಕಾರ್ಯವನ್ನೇ ನಾವಿಲ್ಲಿ ತನಿಖೆ ಎಂದು ಕರೆಯುತ್ತಿದ್ದೇವೆ. ತನಿಖೆಗೆ ಬಂದವರು ವೈದ್ಯರನ್ನು ಕೇಳುತ್ತಾರೆ, ದಾದಿಯರನ್ನು ಕೇಳುತ್ತಾರೆ, ಕಡತಗಳನ್ನು ತಿರುವಿ ನೋಡುತ್ತಾರೆ. ಹಾಸಿಗೆಯ ಪಕ್ಕದಲ್ಲಿ ಹಗಲಿರುಳು ಕುಳಿತಿದ್ದವರನ್ನು ಕೇಳಬೇಕೆಂಬುದು ಮಾತ್ರ ಬಹುಕಾಲ ಯಾರಿಗೂ ತೋಚಲಿಲ್ಲ.

ಕೇಸ್ ಶೀಟಿನಲ್ಲಿ ಇರುವುದು ಸಿಬ್ಬಂದಿಯ ಕಣ್ಣಿಗೆ ಬಿದ್ದದ್ದು, ಬರೆದಿಡಲು ಯೋಗ್ಯವೆಂದು ಅವರಿಗೆ ತೋರಿದ್ದು. ಪಾಳಿ ಬದಲಾದಂತೆ ನೋಡುವ ಕಣ್ಣುಗಳೂ ಬದಲಾಗುತ್ತವೆ. ರೋಗಿಯ ಜೊತೆಗೆ ಎಲ್ಲ ಪಾಳಿಗಳನ್ನೂ ಕಳೆಯುವವರು ಮನೆಯವರು ಮಾತ್ರ. ‘ಮಗು ಮಿಸುಕಾಡುತ್ತಿಲ್ಲ’ ಎಂದು ಬಸುರಿ ಮೂರು ಬಾರಿ ಹೇಳಿದ್ದು, ‘ಇವರ ಮಾತು ತೊದಲುತ್ತಿದೆ’ ಎಂದು ಮಗ ದಾದಿಯರ ಕೊಠಡಿಗೆ ಹೋಗಿ ಬಂದದ್ದು, ಯಾರೂ ಬಾರದೆ ಎರಡು ಗಂಟೆ ಕಳೆದದ್ದು — ಇವು ಕಡತದಲ್ಲಿ ಸಿಗಲಾರವು. ಕೇಳಿಸಿಕೊಳ್ಳದೆ ಹೋದ ಮಾತನ್ನು ಬರೆದಿಡುವವರು ಯಾರು? ನಮ್ಮಲ್ಲಿ ಬಂಧುಗಳನ್ನು ಹೆರಿಗೆ ಕೋಣೆಯಿಂದ ಹೊರಗೆ ನಿಲ್ಲಿಸುವುದುಂಟು. ಆದರೂ ವೈದ್ಯರು ಒಳಗೆ ಹೋದ ವೇಳೆ, ರಕ್ತ ತರಲು ಚೀಟಿ ಕೊಟ್ಟ ವೇಳೆ ಅವರಿಗೆ ಗಡಿಯಾರದ ಮುಳ್ಳಿನಷ್ಟು ನಿಖರವಾಗಿ ನೆನಪಿರುತ್ತದೆ.

ಈ ಮಾತಿಗೆ ದೊಡ್ಡ ನಿದರ್ಶನ ಇಂಗ್ಲೆಂಡಿನಲ್ಲಿದೆ. ಅಲ್ಲಿಯ ಶ್ರೂಸ್‌ಬರಿ ಮತ್ತು ಟೆಲ್ಫರ್ಡ್ ಪಟ್ಟಣಗಳ ಸರ್ಕಾರಿ ಆಸ್ಪತ್ರೆಗಳು ಒಂದೇ ಆಡಳಿತಕ್ಕೆ ಸೇರಿದವು. ಆ ಆಡಳಿತದ ಹೆರಿಗೆ ಸೇವೆಯ ಆರೈಕೆಯಲ್ಲಿ 2009ರಲ್ಲಿ ಒಂದು, 2016ರಲ್ಲಿ ಇನ್ನೊಂದು ಹೆಣ್ಣು ಶಿಶು ಹುಟ್ಟಿದ ಒಂದೆರಡು ದಿನಗಳೊಳಗೆ ತೀರಿಕೊಂಡವು. ಆಸ್ಪತ್ರೆಯ ಉತ್ತರಗಳಿಂದ ಸಮಾಧಾನವಾಗದ ಆ ಎರಡೂ ದಂಪತಿಗಳು ಒಂದುಗೂಡಿ, ತಮ್ಮಂತೆಯೇ ನೊಂದವರ ಸಂಗತಿಗಳನ್ನು ತಾವೇ ಹುಡುಕಿ, 23 ಪ್ರಕರಣಗಳನ್ನು ಸರ್ಕಾರದ ಮುಂದಿಟ್ಟರು. 2017ರಲ್ಲಿ ಆರೋಗ್ಯ ಸಚಿವ ಜೆರೆಮಿ ಹಂಟ್ ಅವರು ಸ್ವತಂತ್ರ ಪರಿಶೀಲನೆಗೆ ಆದೇಶಿಸಿದರು. ಹಿರಿಯ ಪ್ರಸೂತಿ ಶುಶ್ರೂಷಕಿ ಡೋನಾ ಒಕೆಂಡೆನ್ ಅದರ ಅಧ್ಯಕ್ಷೆಯಾದರು. ವಿಷಯ ಹರಡಿದಂತೆ ಮತ್ತಷ್ಟು ಕುಟುಂಬಗಳು ಮುಂದೆ ಬಂದವು. 2022ರ ಮಾರ್ಚ್‌ನಲ್ಲಿ ಅಂತಿಮ ವರದಿ ಹೊರಬೀಳುವ ವೇಳೆಗೆ 1,486 ಕುಟುಂಬಗಳ 1,592 ಘಟನೆಗಳು ಪರಿಶೀಲನೆಗೆ ಒಳಪಟ್ಟಿದ್ದವು. ಆರೈಕೆ ಸರಿಯಾಗಿದ್ದಿದ್ದರೆ 201 ಶಿಶುಗಳು ಬದುಕುತ್ತಿದ್ದವು ಅಥವಾ ಬದುಕುವ ಸಂಭವವಿತ್ತು ಎಂದು ಆ ವರದಿ ಹೇಳಿತು.

ಇಷ್ಟು ವರ್ಷ ಅಲ್ಲಿಗೆ ತಪಾಸಕರು ಬರದೆ ಇದ್ದರೆಂದಲ್ಲ. ಬಂದಿದ್ದರು, ವರದಿಗಳನ್ನೂ ಬರೆದಿದ್ದರು. ಹೊರಗಿನವರ ಆ ಪರಿಶೀಲನೆಗಳು ಕೆಲವೊಮ್ಮೆ ಎಲ್ಲವೂ ಚೆನ್ನಾಗಿದೆಯೆಂಬ ಹುಸಿ ನೆಮ್ಮದಿಯನ್ನೇ ನೀಡಿದವು. ಗಂಭೀರ ಘಟನೆಗಳೆಷ್ಟೋ ಆಸ್ಪತ್ರೆಯೊಳಗೇ ಕೆಳದರ್ಜೆಯ ಪರಿಶೀಲನೆಯಲ್ಲಿ ಮುಗಿದುಹೋದವು. ಕೆಲವು ತಾಯಂದಿರ ಮೇಲೆಯೇ ತಪ್ಪು ಹೊರಿಸಿದ್ದೂ ಉಂಟು. ಸತ್ಯವನ್ನು ಹೊರಗೆಳೆದದ್ದು ಮಗುವನ್ನು ಕಳೆದುಕೊಂಡವರ ಹಟ. ಆದರೆ ದುಃಖದಲ್ಲಿರುವವರು ಇಷ್ಟು ವರ್ಷ ಹೋರಾಡಿದ ಮೇಲೆ ಮಾತ್ರ ಸತ್ಯ ಹೊರಬರುವುದಾದರೆ, ಅದು ವ್ಯವಸ್ಥೆಯ ಸೋಲೆಂದೇ ನಮ್ಮ ಅಭಿಪ್ರಾಯ.

ಚಿಕಿತ್ಸೆಯಲ್ಲಿ ಹಾನಿಯಾದರೆ ಮುಚ್ಚುಮರೆಯಿಲ್ಲದೆ ರೋಗಿಗೆ ಅಥವಾ ಬಂಧುಗಳಿಗೆ ತಿಳಿಸಿ ಕ್ಷಮೆ ಕೇಳಬೇಕೆಂಬುದು 2014ರಿಂದಲೇ ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆಗಳಿಗೆ ಕಾನೂನಿನ ಕಟ್ಟಳೆ. 2022ರ ಆಗಸ್ಟ್‌ನಲ್ಲಿ ಹೊರಡಿಸಿದ ಹೊಸ ಕ್ರಮವು ನೊಂದವರನ್ನು ಕರುಣೆಯಿಂದ ತನಿಖೆಯಲ್ಲಿ ಸೇರಿಸಿಕೊಳ್ಳುವುದನ್ನು ತನ್ನ ಮುಖ್ಯ ಗುರಿಗಳಲ್ಲೊಂದಾಗಿ ಇರಿಸಿಕೊಂಡಿದೆ.

ನಮ್ಮ ದೇಶದಲ್ಲಿ ಇಂತಹುದೇನೂ ಇಲ್ಲವೆಂದು ಭಕ್ತಾದಿಗಳು ಭಾವಿಸಬೇಕಾಗಿಲ್ಲ. ಗರ್ಭಿಣಿ ಅಥವಾ ಬಾಣಂತಿ ತೀರಿಕೊಂಡರೆ ಆ ಮರಣವನ್ನು ಪರಿಶೀಲಿಸಬೇಕೆಂದು ಕೇಂದ್ರ ಸರ್ಕಾರವು 2010ರಲ್ಲಿ ಮಾರ್ಗಸೂಚಿ ಹೊರಡಿಸಿ, 2017ರಲ್ಲಿ ಪರಿಷ್ಕರಿಸಿದೆ. ಅದರಂತೆ ಆರೋಗ್ಯ ಇಲಾಖೆಯ ತಂಡವು ಮೃತಳ ಮನೆಗೇ ಹೋಗಿ, ಕೊನೆಯ ಹೊತ್ತಿನಲ್ಲಿ ಜೊತೆಗಿದ್ದವರಿಂದ ನಡೆದುದನ್ನು ಕೇಳಿ ಬರೆದುಕೊಳ್ಳುತ್ತದೆ. ಆಸ್ಪತ್ರೆಗೆ ಹೊರಡಲು ನಿರ್ಧರಿಸುವಲ್ಲಿ ತಡವಾಯಿತೇ, ದಾರಿಯಲ್ಲಿ ತಡವಾಯಿತೇ, ಆಸ್ಪತ್ರೆ ತಲುಪಿದ ಮೇಲೆ ಚಿಕಿತ್ಸೆ ದೊರೆಯಲು ತಡವಾಯಿತೇ ಎಂದು ಮೂರು ವಿಳಂಬಗಳನ್ನು ಬೇರೆಬೇರೆಯಾಗಿ ಗುರುತಿಸುವುದು ಅದರ ಕ್ರಮ. ಜಿಲ್ಲಾಧಿಕಾರಿಗಳು ನಡೆಸುವ ಸಭೆಗೆ ಬಂಧುಗಳನ್ನೂ ಕರೆಯಲು ಅವಕಾಶವಿದೆ. ಇದರ ಉದ್ದೇಶ ದಂಡನೆಯಲ್ಲ, ತಿದ್ದುವುದು. ಇಷ್ಟು ವಿವೇಕದ ಏರ್ಪಾಡು ನಮ್ಮಲ್ಲಿರುವುದು ಸಂತೋಷವೇ. ಆದರೆ ಶಸ್ತ್ರಚಿಕಿತ್ಸೆಯಲ್ಲೋ ಔಷಧ ಬದಲಾಗಿಯೋ ಆದ ಸಾವುಗಳ ತನಿಖೆಯಲ್ಲಿ ಮನೆಯವರಿಗೆ ಇಷ್ಟು ಸ್ಪಷ್ಟವಾದ ಸ್ಥಾನ ಇನ್ನೂ ದೊರೆತಿಲ್ಲ. ತಾಯಿಮರಣದ ವಿಷಯದಲ್ಲಿಯೂ, ಹೇಳಿ ಬಂದ ಬಂಧುಗಳಿಗೆ ‘ನಿಮ್ಮ ಮಾತಿನಿಂದ ಇಂತಹುದು ಬದಲಾಯಿತು’ ಎಂದು ಮರಳಿ ತಿಳಿಸುವ ಪದ್ಧತಿ ಬಲಗೊಳ್ಳಬೇಕು.

ಒಂದು ಎಚ್ಚರಿಕೆಯೂ ಅವಶ್ಯ. ಕೇಳುವುದೆಂದರೆ ಪೀಡಿಸುವುದಲ್ಲ. ಮನೆಯಲ್ಲಿ ದುಃಖ ಹಸಿಯಾಗಿರುವಾಗ ಪ್ರಶ್ನಾವಳಿ ಹಿಡಿದು ಬಾಗಿಲಿಗೆ ಬರುವುದು ಕ್ರೌರ್ಯವಾದೀತು. ಮಾತನಾಡಲು ಒಲ್ಲೆನೆಂದವರನ್ನು ಬಿಡಬೇಕು. ಮಾತನಾಡುವವರಿಗೆ ಮೊದಲಿನಿಂದ ಕೊನೆಯವರೆಗೆ ಒಬ್ಬರೇ ಅಧಿಕಾರಿ ಸಂಪರ್ಕದಲ್ಲಿರಬೇಕು. ವರದಿ ಅಂತಿಮವಾಗುವ ಮೊದಲು ಅವರಿಗೆ ಓದಿ ಹೇಳಬೇಕು. ದುರ್ಘಟನೆಯ ದಿನ ಕರ್ತವ್ಯದಲ್ಲಿದ್ದ ದಾದಿಯೂ ಎಷ್ಟೋ ಸಲ ನಿದ್ದೆಗೆಟ್ಟು ಕೊರಗುತ್ತಿರುತ್ತಾಳೆ. ಆಸ್ಪತ್ರೆಯ ಗಾಜು ಒಡೆದರೆ ಅವಳೂ ಬಾಯಿ ಮುಚ್ಚಿಕೊಳ್ಳುತ್ತಾಳೆ, ಸತ್ಯವೂ ಅಲ್ಲಿಗೇ ನಿಲ್ಲುತ್ತದೆ.

ಇಂತಹ ಆಪತ್ತು ಒದಗಿದವರು ಮಾಡಬಹುದಾದ ಕೆಲಸಗಳು ಕೆಲವಿವೆ. ನೆನಪು ಮಸುಕಾಗುವ ಮುನ್ನ ನಡೆದುದನ್ನು ದಿನಾಂಕ, ವೇಳೆ ಸಹಿತ ಒಂದು ಹಾಳೆಯಲ್ಲಿ ಬರೆದಿಡಬೇಕು. ತಾವು ಕಂಡದ್ದನ್ನೂ ಪರರಿಂದ ಕೇಳಿದ್ದನ್ನೂ ಬೇರೆ ಮಾಡಿ ಬರೆಯಬೇಕು. ಔಷಧದ ಚೀಟಿ, ರಸೀದಿಗಳನ್ನು ಎಸೆಯಬಾರದು. ವೈದ್ಯಕೀಯ ಪರಿಷತ್ತಿನ 2002ರ ನಿಯಮಗಳ ಪ್ರಕಾರ, ರೋಗಿಯಾಗಲಿ ಅವರಿಂದ ಅಧಿಕಾರ ಪಡೆದವರಾಗಲಿ ಕೇಳಿದರೆ ಚಿಕಿತ್ಸೆಯ ದಾಖಲೆಗಳನ್ನು 72 ಗಂಟೆಗಳೊಳಗೆ ಕೊಡಬೇಕು. ಖಾಸಗಿ ಆಸ್ಪತ್ರೆಯ ಬಗ್ಗೆ ದೂರಿದ್ದರೆ, ನಮ್ಮ ರಾಜ್ಯದಲ್ಲಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ನೋಂದಣಿ ಮತ್ತು ಕುಂದುಕೊರತೆ ಪರಿಹಾರ ಪ್ರಾಧಿಕಾರಕ್ಕೆ ಸಲ್ಲಿಸಬಹುದು. ಅರ್ಜಿಯಲ್ಲಿ ‘ತನಿಖೆಯ ವೇಳೆ ನಮ್ಮ ಹೇಳಿಕೆಯನ್ನೂ ಪಡೆಯಬೇಕು’ ಎಂಬ ಒಂದು ಸಾಲು ಸೇರಿಸಿ, ಸ್ವೀಕೃತಿಯ ಮುದ್ರೆಯುಳ್ಳ ಪ್ರತಿಯನ್ನು ತಮ್ಮ ಬಳಿ ಇಟ್ಟುಕೊಳ್ಳುವುದು ಒಳ್ಳೆಯದು.