ಮೊದಲ ಮೂರು ತಿಂಗಳ ಜರ್ಮನಿ

ಓದಲು ಜರ್ಮನಿಗೆ ಹೊರಟ ಮಕ್ಕಳ ಮನೆಗಳಲ್ಲಿ ಈಗ ಎಲ್ಲರ ಬಾಯಲ್ಲೂ ಒಂದೇ ಸಂಖ್ಯೆ: 11,904 ಯೂರೋ. ವೀಸಾ ಸಿಗಬೇಕಾದರೆ ಒಂದು ವರ್ಷದ ಜೀವನಕ್ಕೆಂದು ಇಷ್ಟು ಹಣವನ್ನು ಮುಂಚಿತವಾಗಿ ‘ಬ್ಲಾಕ್ಡ್ ಅಕೌಂಟ್’ನಲ್ಲಿ ಇಟ್ಟು ತೋರಿಸಬೇಕು. ಯೂರೋಗೆ 100 ರೂಪಾಯಿ ಎಂದು ಹಿಡಿದರೂ ಹನ್ನೆರಡು ಲಕ್ಷದ ಹತ್ತಿರ. ಅಲ್ಲಿಗೆ ಹೋದ ಮೇಲೆ ಅದು ತಿಂಗಳಿಗೆ 992ರಂತೆ ಕೈಗೆ ಬರುತ್ತದೆ. ಹಾಸನದಲ್ಲೋ ದಾವಣಗೆರೆಯಲ್ಲೋ ಮನೆಪತ್ರ ಬ್ಯಾಂಕಿಗಿಟ್ಟು ಸಾಲ ತಂದ ಅಪ್ಪ ಅಮ್ಮ, ‘ತಿಂಗಳಿಗೆ ಸಾವಿರ ಯೂರೋ ಇದೆಯಲ್ಲ, ಹೇಗೋ ತೂಗಿಸ್ತಾನೆ’ ಎಂದು ಸಮಾಧಾನಪಟ್ಟುಕೊಳ್ಳುತ್ತಾರೆ. ವರ್ಷದ ಲೆಕ್ಕಕ್ಕೆ ಆ ಮಾತು ಬಹುಮಟ್ಟಿಗೆ ಸರಿ. ಆದರೆ ಖರ್ಚು ಹನ್ನೆರಡು ಸಮಪಾಲಾಗಿ ಬರುವುದಿಲ್ಲ, ಮೊದಲ ಮೂರು ತಿಂಗಳಲ್ಲೇ ಮುಗಿಬೀಳುತ್ತದೆ. ಇದನ್ನು ಮಕ್ಕಳಿಗಿಂತ ಮೊದಲು ಹೆತ್ತವರು ತಿಳಿದಿರಬೇಕು ಎಂಬುದು ನನ್ನ ಕಳಕಳಿ.

ಆ 992 ಎಲ್ಲಿಂದ ಬಂತು? ಜರ್ಮನ್ ವಿದ್ಯಾರ್ಥಿಗಳಿಗೆ ಅಲ್ಲಿನ ಸರ್ಕಾರ ಕೊಡುವ ‘ಬಾಫೋಗ್’ ನೆರವಿನ ಗರಿಷ್ಠ ಮೊತ್ತ ಅದು. 2024ರ ಪರಿಷ್ಕರಣೆಯಂತೆ ಊಟ, ಬಟ್ಟೆ, ಪುಸ್ತಕಗಳಿಗೆ 475, ಬಾಡಿಗೆಗೆ 380, ಆರೋಗ್ಯ ಮತ್ತು ಆರೈಕೆ ವಿಮೆಗೆ 137. ವಿಮೆಯ ಕಂತು ಈಗ ಅದನ್ನು ಸ್ವಲ್ಪ ಮೀರಿದೆ. ತೊಂದರೆ ಇರುವುದು ಬಾಡಿಗೆಯ 380ರಲ್ಲಿ. ವಿದ್ಯಾರ್ಥಿ ಸೇವಾ ಸಂಸ್ಥೆಯ ಹಾಸ್ಟೆಲಿನಲ್ಲಿ ಕೋಣೆ ಸಿಕ್ಕರೆ ಅಷ್ಟರೊಳಗೆ ಮುಗಿಯುತ್ತದೆ, ಆದರೆ ಅಲ್ಲಿ ಸರದಿ ಎಷ್ಟೋ ಕಡೆ ಸೆಮಿಸ್ಟರುಗಟ್ಟಲೆ. ಪೂರ್ವದ ಕೆಮ್ನಿಟ್ಸ್, ಮಾಗ್ಡೆಬುರ್ಗ್, ಇಲ್ಮೆನೌ ಊರುಗಳಲ್ಲಿ ಹೊರಗಿನ ಬಾಡಿಗೆಯೂ ಕೈಗೆಟುಕುವಂಥದು. ಮ್ಯೂನಿಕ್‌ನಲ್ಲಿ ಮೂರು ನಾಲ್ಕು ಜನ ಹಂಚಿಕೊಂಡ ಮನೆಯ ಒಂದು ಕೋಣೆಗೆ 700, 800 ಯೂರೋ ಕೇಳುವುದು ಸಾಮಾನ್ಯ. ವಿಶ್ವವಿದ್ಯಾಲಯದ ರ‍್ಯಾಂಕಿಂಗ್ ನೋಡುವಷ್ಟೇ ಶ್ರದ್ಧೆಯಿಂದ ಆ ಊರಿನ ಬಾಡಿಗೆಯನ್ನೂ ನೋಡಿ ಅರ್ಜಿ ಹಾಕಬೇಕು.

ಕೋಣೆ ಸಿಕ್ಕಿತು ಎನ್ನೋಣ. ಜಾಹೀರಾತಿನಲ್ಲಿ ಎರಡು ಬಾಡಿಗೆ ಕಾಣುತ್ತವೆ. ‘ಕಾಲ್ಟ್‌ಮೀಟೆ’ ಬರೀ ಜಾಗದ್ದು, ‘ವಾರ್ಮ್‌ಮೀಟೆ’ಯಲ್ಲಿ ನೀರು, ಕಸ, ಸಾಮಾನ್ಯವಾಗಿ ಚಳಿಗಾಲದ ಹೀಟಿಂಗೂ ಸೇರಿರುತ್ತದೆ. ಕರೆಂಟು ಎಷ್ಟೋ ಕಡೆ ಬೇರೆಯೇ. ಡಿಪಾಸಿಟ್ ಕಾಲ್ಟ್‌ಮೀಟೆಯ ಮೂರು ತಿಂಗಳವರೆಗೆ ಇರಬಹುದು. ಅದನ್ನು ಮೂರು ಸಮ ಕಂತುಗಳಲ್ಲಿ ಕಟ್ಟುವ ಹಕ್ಕು ಬಾಡಿಗೆದಾರನಿಗೆ ಕಾನೂನಿನಲ್ಲೇ ಇದೆ. ಹೊಸಬರಿಗೆ ಇದು ಗೊತ್ತಿರುವುದಿಲ್ಲ, ಒಟ್ಟಿಗೆ ಕಟ್ಟಿಬಿಡುತ್ತಾರೆ. ಮನೆ ನೋಡುವ ಮೊದಲೇ ಡಿಪಾಸಿಟ್ ಕಳಿಸು ಎನ್ನುವ ‘ಮಾಲೀಕರು’ ಮೋಸಗಾರರೇ ಎಂದು ತಿಳಿಯುವುದು ಕ್ಷೇಮ. ಒಳಗೆ ಕಾಲಿಟ್ಟರೆ ಹಲವು ಕೋಣೆಗಳಲ್ಲಿ ಮಂಚವಿಲ್ಲ, ಸೀಲಿಂಗಿನಲ್ಲಿ ಬಲ್ಬಿನ ಹೋಲ್ಡರೂ ಇಲ್ಲ, ಎರಡು ವೈರು ನೇತಾಡುತ್ತಿರುತ್ತವೆ.

ಅಷ್ಟರಲ್ಲಿ ಬರುವುದು ವಿಳಾಸದ ತೊಡಕು. ಮನೆ ಸೇರಿದ ಎರಡು ವಾರದೊಳಗೆ ಊರಿನ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು, ಅದಕ್ಕೆ ಮಾಲೀಕರ ಪತ್ರ ಬೇಕು. ದಿನಬಾಡಿಗೆಯ ತಾತ್ಕಾಲಿಕ ಕೋಣೆಗಳವರು ಆ ಪತ್ರ ಕೊಡುವುದು ಅಪರೂಪ. ನೋಂದಣಿಯಾಗದೆ ತೆರಿಗೆ ಸಂಖ್ಯೆ ಬರುವುದಿಲ್ಲ, ಅದಿಲ್ಲದೆ ಪಾರ್ಟ್‌ಟೈಮ್ ಸಂಬಳದಲ್ಲಿ ತೆರಿಗೆ ಹೆಚ್ಚು ಹಿಡಿಯುವ ಸಂದರ್ಭವೂ ಉಂಟು. ಕೆಲವು ಬ್ಯಾಂಕುಗಳು ಖಾತೆಯನ್ನೇ ತೆರೆಯುವುದಿಲ್ಲ. ಅಲ್ಲಿಯ ಖಾತೆ ಇಲ್ಲದೆ ಬ್ಲಾಕ್ಡ್ ಅಕೌಂಟಿನ ಹಣ ಇಳಿಯುವುದಿಲ್ಲ. ತನ್ನದೇ ಹನ್ನೆರಡು ಲಕ್ಷ ಆ ದೇಶದಲ್ಲೇ ಇದ್ದರೂ ಮೊದಲ ಕೆಲವು ವಾರ ಮುಟ್ಟಲಾಗದೆ ಮಕ್ಕಳು ಊರಿನಿಂದ ಮತ್ತೆ ಹಣ ತರಿಸಿಕೊಳ್ಳುವುದು ಇದೇ ಕಾರಣಕ್ಕೆ. ಚಳಿಗಾಲದ ಸೆಮಿಸ್ಟರು ಅಕ್ಟೋಬರಿನಲ್ಲಿ ಶುರು. ಸೆಪ್ಟೆಂಬರಿನ ಕೊನೆಗೆ ಎಲ್ಲರೂ ಒಟ್ಟಿಗೆ ಕೋಣೆ ಹುಡುಕುವುದರಿಂದ ತಾತ್ಕಾಲಿಕ ವಾಸದ ದಿನಗಳು ಲಂಬಿಸುತ್ತಲೇ ಹೋಗುತ್ತವೆ.

ಅಡುಗೆಮನೆಯ ವಿಷಯ ಅಷ್ಟು ಭಯಪಡುವಂಥದಲ್ಲ. ಆಲ್ಡಿ, ಲಿಡ್ಲ್, ಪೆನ್ನಿಯಂಥ ಅಂಗಡಿಗಳಲ್ಲಿ ಹಾಲು ಲೀಟರಿಗೆ ಒಂದು ಯೂರೋ ಆಸುಪಾಸು. ಆಲೂಗಡ್ಡೆ, ಕ್ಯಾರೆಟ್, ಕೋಸು, ಮೊಸರು ಎಲ್ಲವೂ ಅಗ್ಗ. ತೊಗರಿಬೇಳೆ ಬೇಕೆಂದು ಪ್ರತಿ ವಾರ ಇಂಡಿಯನ್ ಸ್ಟೋರಿಗೆ ಓಡುವವರ ಖರ್ಚು ಏರುತ್ತದೆ. ಮಸೂರ್ ಬೇಳೆ ಸಾಮಾನ್ಯ ಅಂಗಡಿಯಲ್ಲೇ ಸಿಗುತ್ತದೆ, ಅದರಲ್ಲೂ ಸಾರು ಚೆನ್ನಾಗಿಯೇ ಆಗುತ್ತದೆ. ಕೊತ್ತಂಬರಿ, ಪುದೀನ, ಬದನೆ, ಬೆಂಡೆಗೆ ತುರ್ಕಿ ಅಂಗಡಿಗಳಿವೆ. ಬೆಲೆಯ ಬಿಸಿ ಮುಟ್ಟಿಸುವುದು ಕರಿಬೇವು, ರಾಗಿಹಿಟ್ಟು. ಭಾನುವಾರ ಅಂಗಡಿ ಮುಚ್ಚಿರುತ್ತವೆ. ಶನಿವಾರವೇ ಸಾಮಾನು ತರದವರು ಆ ದಿನ ರೈಲು ನಿಲ್ದಾಣದಲ್ಲಿ ದುಬಾರಿ ಬ್ರೆಡ್ಡು ಕೊಳ್ಳಬೇಕಾಗುತ್ತದೆ. ನೀರಿನ, ಕೋಲಾದ ಬಾಟಲಿಗೆ 25 ಸೆಂಟ್ ಠೇವಣಿ ಇರುತ್ತದೆ, ಖಾಲಿ ಬಾಟಲಿಯನ್ನು ಅಂಗಡಿಯ ಯಂತ್ರಕ್ಕೆ ಹಾಕಿದರೆ ವಾಪಸ್. ಮಧ್ಯಾಹ್ನ ಕಾಲೇಜಿನ ‘ಮೆನ್ಸಾ’ದಲ್ಲಿ ಸಬ್ಸಿಡಿ ಊಟ ಸಿಗುತ್ತದೆ.

ಮನೆಗೆ ಬರುವ ಕಾಗದಗಳ ಬಗ್ಗೆ ಮಾತ್ರ ಒತ್ತಿ ಹೇಳಬೇಕು. ವಿಳಾಸ ನೋಂದಾಯಿಸಿದ ಸ್ವಲ್ಪ ದಿನಕ್ಕೆ ಸಾರ್ವಜನಿಕ ರೇಡಿಯೋ ಟಿವಿ ಶುಲ್ಕದ ಪತ್ರ ಬರುತ್ತದೆ, ತಿಂಗಳಿಗೆ 18.36 ಯೂರೋ. ಟಿವಿ ಇಲ್ಲ ಎಂದರೆ ನಡೆಯದು. ಆದರೆ ಶುಲ್ಕ ತಲೆಗಲ್ಲ, ಮನೆಗೆ. ಒಬ್ಬರು ಕಟ್ಟಿ ಉಳಿದವರು ಪಾಲು ಕೊಟ್ಟರೆ ನಾಲ್ವರಿದ್ದಲ್ಲಿ ತಲಾ ಐದು ಯೂರೋ ಒಳಗೆ. ಭಾಷೆ ಬಾರದೆಂದು ಕಾಗದ ಡ್ರಾಯರಿಗೆ ಹಾಕಿದವರಿಗೆ ಬಾಕಿಯ ಜೊತೆ ದಂಡವೂ ಸೇರುತ್ತದೆ. ಟಿಕೆಟ್ಟಿಲ್ಲದೆ ಟ್ರಾಮ್ ಹತ್ತಿ ಸಿಕ್ಕಿಬಿದ್ದರೆ 60 ಯೂರೋ. ದೇಶವಿಡೀ ಓಡಾಡುವ ತಿಂಗಳ ಪಾಸಿಗೆ 2026ರಿಂದ 63 ಯೂರೋ, ಹಲವು ಕಾಲೇಜುಗಳ ವಿದ್ಯಾರ್ಥಿಗಳಿಗೆ ಅದು ಶೇ 60ರ ದರದಲ್ಲಿ ಸೆಮಿಸ್ಟರು ಶುಲ್ಕದ ಜೊತೆಗೇ ಸಿಗುತ್ತದೆ. ಕಟ್ಟಡದ ಬೀಗದ ಕೈ ಕಳೆದರೆ ಇಡೀ ಕಟ್ಟಡದ ಬೀಗ ಬದಲಿಸಿದ ಬಿಲ್ಲು ಬಾಡಿಗೆದಾರನ ತಲೆಗೆ ಬರಬಹುದು. ಇಂಥದಕ್ಕೆಂದೇ ಹೊಣೆಗಾರಿಕೆ ವಿಮೆ ಇದೆ, ಬೀಗದ ಕೈಯೂ ಸೇರಿದೆಯೇ ಎಂದು ನೋಡಿ ಮಾಡಿಸಬೇಕು.

ಕರೆಂಟು ಯೂನಿಟ್ಟಿಗೆ ಸುಮಾರು 40 ಸೆಂಟ್, ಅಂದರೆ ನಮ್ಮ ಲೆಕ್ಕದಲ್ಲಿ 40 ರೂಪಾಯಿ. ಬೆಂಗಳೂರಿನಲ್ಲಿ ಆರರ ಆಸುಪಾಸು. ಚಳಿಗೆ ಕಿಟಕಿ ಮುಚ್ಚಿ ಅನ್ನ ಸಾರು ಕುದಿಸಿ, ಒಳಗೇ ಬಟ್ಟೆ ಒಣಹಾಕಿದರೆ ಗೋಡೆ ಬೂಸ್ಟು ಹಿಡಿಯುತ್ತದೆ, ಡಿಪಾಸಿಟ್ಟಿನಲ್ಲಿ ಕಡಿತವಾಗುವುದು ಅದಕ್ಕೇ. ದಿನಕ್ಕೆರಡು ಬಾರಿ ಐದು ನಿಮಿಷ ಕಿಟಕಿ ಪೂರ್ತಿ ತೆರೆದರೆ ಸಾಕು. ಹೀಟಿಂಗಿಗೆ ತಿಂಗಳು ತಿಂಗಳು ಕಟ್ಟುವುದು ಮುಂಗಡ ಮಾತ್ರ, ನಿಜವಾದ ಲೆಕ್ಕ ಮುಂದಿನ ವರ್ಷ ಬರುತ್ತದೆ. ಹೆಚ್ಚು ಉರಿಸಿದವರಿಗೆ ನೂರಾರು ಯೂರೋ ಬಾಕಿ ಬಂದದ್ದಿದೆ.

ಪಾರ್ಟ್‌ಟೈಮ್ ಕೆಲಸ ಸಿಕ್ಕಮೇಲೆ ಈ ಭಾರ ಇಳಿಯುತ್ತದೆ. ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನ ದುಡಿಯಲು ಅವಕಾಶವಿದೆ. 2026ರ ಕನಿಷ್ಠ ಕೂಲಿ ಗಂಟೆಗೆ 13.90 ಯೂರೋ. ಆದರೆ ಜರ್ಮನ್ ಭಾಷೆ ಸ್ವಲ್ಪವೂ ಬಾರದಿದ್ದರೆ ಕೆಲಸ ಮೊದಲ ತಿಂಗಳಲ್ಲೇ ಸಿಗುತ್ತದೆ ಎಂದು ನಂಬಿ ಸಾಲದ ಲೆಕ್ಕ ಹಾಕಬಾರದು. ಹೊರಡುವ ಮುಂಚಿನ ಆರು ತಿಂಗಳು ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಭಾಷೆ ಕಲಿಯಲು ಹಾಕಿದ ದುಡ್ಡು ಹೆಚ್ಚೆಂದರೆ ಒಂದು ತಿಂಗಳ ಬಾಡಿಗೆಯಷ್ಟು.

ಬ್ಯಾಂಕಿನಲ್ಲಿ ಸಾಲಕ್ಕೆ ಬರೆಯುವಾಗ 11,904ರ ಕೆಳಗೆ ಇನ್ನೊಂದು ಸಾಲು ಬರೆಸಿ: ಡಿಪಾಸಿಟ್, ತಾತ್ಕಾಲಿಕ ವಾಸ, ಮಂಚ ಹಾಸಿಗೆ ಪಾತ್ರೆ, ಮೊದಲ ಸೆಮಿಸ್ಟರು ಶುಲ್ಕ ಎಂದು ಎರಡರಿಂದ ಎರಡೂವರೆ ಸಾವಿರ ಯೂರೋ. ಮ್ಯೂನಿಕ್ ಆದರೆ ಇನ್ನೂ ಒಂದು ಸಾವಿರ ಸೇರಿಸಿ. ಸಾಲ ಮಂಜೂರಾದ ಮೇಲೆ ಈ ಮೊತ್ತ ಹೆಚ್ಚಿಸಿಕೊಡಿ ಎಂದು ಹೋದರೆ ಮತ್ತೆ ಹೊಸ ಕಡತ, ಹೊಸ ಸಹಿ, ಹೊಸ ಕಾಯುವಿಕೆ. ಅಷ್ಟರೊಳಗೆ ಅಲ್ಲಿ ಅಕ್ಟೋಬರ್ ಬಂದಿರುತ್ತದೆ.