ಸಮುದ್ರದ ನಡುವೆ ಸಿಹಿನೀರು

ಕ್ಯಾಲಿಫೋರ್ನಿಯದಲ್ಲಿ ನೆಲೆಸಿರುವ ನಮ್ಮವರಲ್ಲಿ ಕೆಲವರು ನಿವೃತ್ತಿಯ ನಂತರ ಹಾಯಿದೋಣಿಯ ಹವ್ಯಾಸ ಹಚ್ಚಿಕೊಂಡಿದ್ದಾರೆ. ಸ್ಯಾನ್ ಡಿಯೇಗೊದಿಂದ ಹೊರಟು ದಕ್ಷಿಣ ಪೆಸಿಫಿಕ್‌ನ ಮಾರ್ಕೇಸಸ್ ದ್ವೀಪಗಳನ್ನು ತಲುಪುವುದು ಇಲ್ಲಿನ ಅನೇಕ ನಾವಿಕರ ಕನಸು. ದೂರ ಸುಮಾರು 2,800 ನಾಟಿಕಲ್ ಮೈಲಿ. ಪ್ರಯಾಣ ಮೂರು-ನಾಲ್ಕು ವಾರಗಳದ್ದು. ದಾರಿಯಲ್ಲಿ ಎಲ್ಲೂ ನಲ್ಲಿಯಿಲ್ಲ. ಹಾಗಾದರೆ ಕುಡಿಯುವ ನೀರಿಗೆ ಏನು ವ್ಯವಸ್ಥೆ?

ಸಮುದ್ರದ ನೀರನ್ನು ಏಕೆ ಕುಡಿಯಬಾರದು?

ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಆ ಉಪ್ಪನ್ನೂ ದೇಹದಲ್ಲಿ ಉತ್ಪತ್ತಿಯಾಗುವ ಯೂರಿಯವನ್ನೂ ಹೊರಹಾಕಲು ಮೂತ್ರಪಿಂಡಗಳಿಗೆ ಸುಮಾರು ಒಂದೂವರೆ ಲೀಟರ್ ನೀರು ಬೇಕು. ಅಂದರೆ ಒಂದು ಲೀಟರ್ ಕುಡಿದವನು ಅರ್ಧ ಲೀಟರ್ ಕಳೆದುಕೊಳ್ಳುತ್ತಾನೆ. ಕುಡಿದಷ್ಟೂ ದೇಹ ಒಣಗುತ್ತದೆ.

ಎಷ್ಟು ನೀರು ಬೇಕು?

ಕುಡಿಯಲು, ಅಡುಗೆಗೆ, ಹಲ್ಲುಜ್ಜಲು ಒಬ್ಬರಿಗೆ ದಿನಕ್ಕೆ 4 ಲೀಟರ್ ಎಂದಿಟ್ಟುಕೊಳ್ಳಿ. ಇಬ್ಬರಿಗೆ 25 ದಿನಕ್ಕೆ 200 ಲೀಟರ್. ಗಾಳಿ ಕೈಕೊಟ್ಟರೆ ಎಂದು ಇನ್ನರ್ಧ ಸೇರಿಸಿದರೆ 300 ಲೀಟರ್, ತೂಕದಲ್ಲಿ 300 ಕಿಲೊ. ಸ್ನಾನ ಸಮುದ್ರದ ನೀರಿನಲ್ಲೇ. ಕೊನೆಗೆ ಒಂದು ಚೊಂಬು ಸಿಹಿನೀರು. ಪಾತ್ರೆ ತೊಳೆಯುವುದೂ ಹಾಗೆಯೇ. ಒತ್ತಡದ ನಲ್ಲಿಗಿಂತ ಕಾಲಿನಿಂದ ಒತ್ತುವ ಪಂಪಿನಲ್ಲಿ ನೀರು ಬಹಳ ಉಳಿಯುತ್ತದೆ. ಉಳಿತಾಯ ಮಾಡುವುದಿದ್ದರೆ ತೊಳೆಯುವ ನೀರಿನಲ್ಲಿ ಮಾಡಬೇಕು, ಕುಡಿಯುವ ನೀರಿನಲ್ಲಲ್ಲ.

ಯಂತ್ರವನ್ನು ನಂಬಬಹುದೇ?

ಈಗ ಅನೇಕ ದೋಣಿಗಳಲ್ಲಿ ಸಮುದ್ರದ ನೀರನ್ನು ಸಿಹಿನೀರಾಗಿಸುವ ಯಂತ್ರವಿರುತ್ತದೆ. ಸುಮಾರು 800 ಪಿಎಸ್‌ಐ ಒತ್ತಡದಲ್ಲಿ ನೀರನ್ನು ಬಹಳ ಸೂಕ್ಷ್ಮವಾದ ಪೊರೆಯ ಮೂಲಕ ಹಾಯಿಸಿದಾಗ ಉಪ್ಪು ಹಿಂದೆ ಉಳಿಯುತ್ತದೆ. ಆದರೆ ಆ ಪೊರೆ ನಾಜೂಕು. ಬಂದರಿನ ಎಣ್ಣೆ ಬೆರೆತ ನೀರು ಅದನ್ನು ಕೆಡಿಸುತ್ತದೆ; ಕ್ಲೋರಿನ್ ಕೂಡ ಕೆಡಿಸುತ್ತದೆ. ಆದ್ದರಿಂದ ಅದನ್ನು ಸಿಹಿನೀರಿನಲ್ಲಿ ತೊಳೆಯುವಾಗ ಆ ನೀರು ಮೊದಲು ಇದ್ದಿಲಿನ ಫಿಲ್ಟರ್ ಹಾದು ಬರಬೇಕು. ಬ್ಯಾಟರಿ ಸೋತರೆ, ಪಂಪ್ ಕೆಟ್ಟರೆ ಯಂತ್ರ ನಿಂತಂತೆಯೇ.

ನಾನು ಹೇಳಬೇಕಾದ ಮುಖ್ಯ ಮಾತು ಇದು: ಯಂತ್ರ ತೊಟ್ಟಿಯನ್ನು ತುಂಬಲು ಇರುವುದು, ತೊಟ್ಟಿಯ ಬದಲಿಗಲ್ಲ. ಯಂತ್ರ ಈ ಗಳಿಗೆಯಲ್ಲಿ ನಿಂತರೂ ದಡ ಮುಟ್ಟುವಷ್ಟು ನೀರು ಯಾವತ್ತೂ ದೋಣಿಯಲ್ಲಿರಬೇಕು. ಅದೂ ಒಂದೇ ತೊಟ್ಟಿಯಲ್ಲಲ್ಲ. ಎರಡು ತೊಟ್ಟಿಗಳಿದ್ದು ನಡುವೆ ವಾಲ್ವ್ ಇದ್ದರೆ, ಒಂದು ಸೋರಿದರೂ ಕೆಟ್ಟರೂ ಇನ್ನೊಂದು ಉಳಿಯುತ್ತದೆ. ಕ್ಯಾನುಗಳಲ್ಲಿ ಇನ್ನಷ್ಟು ಇರಲಿ. ಸಿಹಿನೀರು ಸಮುದ್ರದ ನೀರಿಗಿಂತ ಹಗುರ. ಸ್ವಲ್ಪ ಖಾಲಿ ಬಿಟ್ಟ ಪ್ಲಾಸ್ಟಿಕ್ ಕ್ಯಾನು ದೋಣಿಯಿಂದ ಬಿದ್ದರೂ ತೇಲುತ್ತದೆ. ಎರಡು ದಿನಕ್ಕೊಮ್ಮೆ ನೀರು ಬರುವ ಊರುಗಳಲ್ಲಿ ಹಂಡೆ, ಡ್ರಮ್ಮು, ಬಿಂದಿಗೆ ಎಲ್ಲವನ್ನೂ ತುಂಬಿಸಿಟ್ಟು ಬೆಳೆದ ನಮಗೆ ಇದೇನೂ ಹೊಸದಲ್ಲ.

ಮಳೆ ಬಂದರೆ ಬಟ್ಟೆಯ ಮೇಲ್ಕಟ್ಟು ಹರಡಿ ನೀರು ಹಿಡಿಯಬಹುದು. ಮೊದಲ ಕೆಲವು ನಿಮಿಷದ ನೀರು ಉಪ್ಪು, ಕೊಳೆ ತೊಳೆದುಹೋಗಲು. ಅದನ್ನು ಬಿಟ್ಟು ಆಮೇಲಿನದನ್ನು ಹಿಡಿಯಬೇಕು. 1982ರಲ್ಲಿ ಅಟ್ಲಾಂಟಿಕ್‌ನಲ್ಲಿ ದೋಣಿ ಮುಳುಗಿ, ಗಾಳಿ ತುಂಬಿದ ತೆಪ್ಪದಲ್ಲಿ 76 ದಿನ ಕಳೆದ ಸ್ಟೀವನ್ ಕ್ಯಾಲಹನ್ ಬದುಕಿದ್ದು ಬಿಸಿಲಿನಿಂದ ನೀರು ಬಟ್ಟಿ ಇಳಿಸುವ ಸಣ್ಣ ಸಾಧನಗಳು ಮತ್ತು ಮಳೆನೀರಿನಿಂದ.

ವೈದ್ಯನಾಗಿ ಕೆಲವು ಮಾತು

ಅಪರಿಚಿತ ಬಂದರಿನ ನೀರನ್ನು ಹಾಗೆಯೇ ತುಂಬಿಸಬೇಡಿ. ಸುವಾಸನೆ ಬೆರೆಸದ, 5ರಿಂದ 9 ಶೇಕಡಾದ ಮನೆಬಳಕೆಯ ಬ್ಲೀಚ್ ಅನ್ನು ತಿಳಿನೀರಿಗೆ ಲೀಟರಿಗೆ 2 ಹನಿ ಹಾಕಿ, ಕದಡಿ, 30 ನಿಮಿಷ ಬಿಡಿ. ಕ್ರಿಪ್ಟೊಸ್ಪೊರಿಡಿಯಂ ಎಂಬ ಪರೋಪಜೀವಿ ಇದಕ್ಕೂ ಬಗ್ಗದು. ಅನುಮಾನವಿದ್ದರೆ ಒಂದು ನಿಮಿಷ ಕುದಿಸುವುದೇ ಸರಿ.

ಅರವತ್ತು ದಾಟಿದವರಿಗೆ ಬಾಯಾರಿಕೆಯ ಅರಿವು ಮಂಕಾಗುತ್ತದೆ. ಹಾಗಾಗಿ ಬಾಯಾರುವವರೆಗೆ ಕಾಯದೆ ಗಡಿಯಾರ ನೋಡಿ ಕುಡಿಯಿರಿ. ಮೂತ್ರದ ಬಣ್ಣ ಕಡುಹಳದಿಯಾದರೆ ನೀರು ಸಾಲದೆಂದು ಅರ್ಥ. ರಕ್ತದೊತ್ತಡಕ್ಕೆ ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರು ಹೊರಡುವ ಮುನ್ನ ತಮ್ಮ ವೈದ್ಯರೊಂದಿಗೆ ಮಾತನಾಡಲಿ. ಮೊದಲ ದಿನಗಳಲ್ಲಿ ಸಮುದ್ರದ ಓಲಾಟಕ್ಕೆ ವಾಂತಿಯಾಗುವುದು ಸಾಮಾನ್ಯ. ಆಗ ಒಂದು ಲೀಟರ್ ಶುದ್ಧ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು ಬೆರೆಸಿ ಗುಟುಕು ಗುಟುಕಾಗಿ ಕುಡಿಸಿ. ದಿನದ ಲೆಕ್ಕದಲ್ಲಿ ಇಂಥ ನೀರಿಗೂ ಒಂದು ಪಾಲು ಇಟ್ಟಿರಿ.