ಭಕ್ಷೀಸು ಯಾರ ಹಣ? ಹೋಟೆಲ್ ಲೆಕ್ಕದಲ್ಲಿ ಟಿಪ್ಸಿನ ಸ್ಥಾನ

ಕುಮಟಾದ ಹೆದ್ದಾರಿ ಬದಿಯ ಊಟದ ಹೋಟೆಲುಗಳಲ್ಲಿ ಕೆಲವು ವರ್ಷಗಳ ಹಿಂದಿನವರೆಗೂ ಒಂದು ಪದ್ಧತಿ ತಾನೇ ತಾನಾಗಿ ನಡೆದುಕೊಂಡು ಬಂದಿತ್ತು. ಊಟ ಮುಗಿದ ಮೇಲೆ ಸೋಂಪಿನ ತಟ್ಟೆಯಲ್ಲಿ ಬಿಲ್ಲು ಬರುತ್ತಿತ್ತು. ಗಿರಾಕಿಯು ನೋಟು ಇಡುತ್ತಿದ್ದ, ಚಿಲ್ಲರೆ ವಾಪಸು ಬರುತ್ತಿತ್ತು, ಅದರಲ್ಲಿ ಐದೋ ಹತ್ತೋ ರೂಪಾಯಿಯನ್ನು ತಟ್ಟೆಯಲ್ಲೇ ಬಿಟ್ಟು ಏಳುತ್ತಿದ್ದ. ಆ ಹಣ ಬಡಿಸಿದವನ ಜೇಬಿಗೆ ಸೇರುತ್ತಿತ್ತು. ಮಾಲೀಕರ ಗಲ್ಲಾಕ್ಕೂ ಅದಕ್ಕೂ ಸಂಬಂಧವಿರಲಿಲ್ಲ.

ಇಂದು ಬಹುಪಾಲು ಗಿರಾಕಿಗಳು ಮೇಜಿನ ಮೇಲಿನ ಕ್ಯೂಆರ್ ಕೋಡ್ ಮೂಲಕ ಹಣ ಪಾವತಿಸುತ್ತಾರೆ. 185 ರೂಪಾಯಿಯ ಬಿಲ್ಲಿಗೆ 200 ರೂಪಾಯಿ ಹಾಕಿ, ‘ಉಳಿದದ್ದು ಹುಡುಗನಿಗೆ ಕೊಡಿ’ ಎಂದು ಹೇಳಿ ಹೋಗುತ್ತಾರೆ. ಇನ್ನೂರು ರೂಪಾಯಿಯೂ ಹೋಟೆಲಿನ ಚಾಲ್ತಿ ಖಾತೆಗೆ ಜಮೆಯಾಗುತ್ತದೆ. ಸಂಜೆ ಗಲ್ಲಾ ಕಟ್ಟುವಾಗ ಆ 15 ರೂಪಾಯಿ ಯಾರದೆಂಬ ಪ್ರಶ್ನೆ ಏಳುತ್ತದೆ. ಎಷ್ಟೋ ಕಡೆ ಪ್ರಶ್ನೆಯೇ ಏಳುವುದಿಲ್ಲ. ಹಣ ಮಾರಾಟದೊಳಗೆ ಕರಗಿ ಹೋಗುತ್ತದೆ. ಮಾಲೀಕರಿಗೆ ದುರುದ್ದೇಶವಿಲ್ಲದಿದ್ದರೂ ಕೆಲಸಗಾರನಿಗೆ ಬರಬೇಕಾದದ್ದು ಬರುವುದಿಲ್ಲ, ಲೆಕ್ಕವೂ ತಪ್ಪಾಗುತ್ತದೆ. ಈ ಸಣ್ಣ ಮೊತ್ತದ ಹಿಂದಿರುವ ಕಾನೂನು, ತೆರಿಗೆ ಮತ್ತು ನ್ಯಾಯದ ಅಂಶಗಳನ್ನು ವರ್ತಕ ಬಂಧುಗಳು ತಿಳಿದಿರುವುದು ಅವಶ್ಯ.

ನಾಲ್ಕು ಬೇರೆ ಬೇರೆ ಪಾವತಿಗಳು

ಭಕ್ಷೀಸು, ಇನಾಮು, ಖುಷಿ, ಚಹಾ ಖರ್ಚು, ಟಿಪ್ಸ್ ಎಂಬ ಹಲವು ಹೆಸರುಗಳಿಂದ ಕರೆಯಲ್ಪಡುವ ಈ ಹಣವನ್ನು ಬೇರೆ ಪಾವತಿಗಳೊಡನೆ ಬೆರೆಸುವುದೇ ಮೊದಲ ತಪ್ಪು.

ಮೊದಲನೆಯದು ಸಂಬಳ. ಇದನ್ನು ಕೊಡುವವರು ಮಾಲೀಕರು. ಪಡೆಯುವುದು ಕೆಲಸಗಾರನ ಹಕ್ಕು. ಎರಡನೆಯದು ಬೋನಸ್. ಕಾನೂನು ಅನ್ವಯವಾಗುವ ಸಂಸ್ಥೆಗಳಲ್ಲಿ ಅರ್ಹ ನೌಕರರಿಗೆ ಕನಿಷ್ಠ ಶೇ. 8.33ರ ಬೋನಸ್ ಸಹ ಹಕ್ಕೇ ಹೊರತು ದೀಪಾವಳಿಯ ಉಡುಗೊರೆಯಲ್ಲ. ಮೂರನೆಯದು ಟಿಪ್ಸ್. ಇದನ್ನು ಕೊಡುವವನು ಗಿರಾಕಿ. ಕೊಡಲೇಬೇಕೆಂಬ ನಿರ್ಬಂಧ ಅವನಿಗಿಲ್ಲ. ಕೊಟ್ಟರೆ ಅದು ಸೇವೆ ಮಾಡಿದವರಿಗೆಂದೇ ಕೊಟ್ಟದ್ದು. ನಾಲ್ಕನೆಯದು ಸೇವಾ ಶುಲ್ಕ. ಇದು ಬಿಲ್ಲಿನಲ್ಲಿಯೇ ಶೇ. 5 ಅಥವಾ ಶೇ. 10 ಎಂದು ಹೋಟೆಲಿನವರು ಸೇರಿಸುವ ಮೊತ್ತ.

ಸರಕಾರಿ ನೌಕರರಿಗೆ ಅವರ ಕರ್ತವ್ಯಕ್ಕಾಗಿ ‘ಚಹಾ ಖರ್ಚು’ ಕೊಡುವುದು ಈ ಯಾವ ವರ್ಗಕ್ಕೂ ಸೇರುವುದಿಲ್ಲ. ಅದು ಲಂಚ, 1988ರ ಭ್ರಷ್ಟಾಚಾರ ತಡೆ ಕಾಯ್ದೆಯಡಿ ಅಪರಾಧ.

ನ್ಯಾಯಾಲಯಗಳು ಹೇಳಿರುವುದು

ಟಿಪ್ಸನ್ನು ಸಂಬಳದ ಭಾಗವೆಂದು ಎಣಿಸಬಹುದೇ ಎಂಬ ಪ್ರಶ್ನೆ 1976ರಲ್ಲಿಯೇ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದಿತ್ತು. ಜೈಪುರದ ರಾಮ್‌ಬಾಗ್ ಪ್ಯಾಲೇಸ್ ಹೋಟೆಲಿನ ಪ್ರಕರಣದಲ್ಲಿ, ಗಿರಾಕಿಗಳಿಂದ ಬರುವ ಟಿಪ್ಸನ್ನು ವೇತನದ ಭಾಗವೆಂದು ಪರಿಗಣಿಸಲಾಗದೆಂಬ ನಿಲುವನ್ನು ನ್ಯಾಯಾಲಯ ತಳೆಯಿತು. ಎಂದರೆ, ‘ಇಲ್ಲಿ ಟಿಪ್ಸು ಚೆನ್ನಾಗಿ ಬರುತ್ತದೆ, ಆದ್ದರಿಂದ ಸಂಬಳ ಇಷ್ಟೇ’ ಎಂಬ ಮಾತಿಗೆ ಕಾನೂನಿನ ಆಧಾರವಿಲ್ಲ. ನೌಕರರ ರಾಜ್ಯ ವಿಮೆಯ ವಂತಿಗೆಯ ವಿಷಯದಲ್ಲೂ ನ್ಯಾಯಾಲಯದ ದೃಷ್ಟಿ ಇದೇ ದಿಕ್ಕಿನದು.

ಆದಾಯ ತೆರಿಗೆಯ ಪ್ರಶ್ನೆ ಬಂದದ್ದು ಆ ಮೇಲೆ. ಕಾರ್ಡ್ ಮೂಲಕ ಬಂದ ಟಿಪ್ಸನ್ನು ಹೋಟೆಲು ಮೊದಲು ತಾನು ಪಡೆದು ನಂತರ ಸಿಬ್ಬಂದಿಗೆ ಹಂಚಿದರೆ, ಅದನ್ನು ಸಂಬಳವೆಂದು ತಿಳಿದು ಮೂಲದಲ್ಲಿ ತೆರಿಗೆ ಕಡಿತ ಮಾಡಬೇಕೇ ಎಂಬುದು ಆ ಪ್ರಶ್ನೆ. 2011ರಲ್ಲಿ ದೆಹಲಿ ಉಚ್ಚ ನ್ಯಾಯಾಲಯವು ಇಲಾಖೆಯ ಪರವಾಗಿ ತೀರ್ಪು ನೀಡಿತು. 2016ರ ಏಪ್ರಿಲಿನಲ್ಲಿ ಐಟಿಸಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಆ ತೀರ್ಪನ್ನು ರದ್ದುಪಡಿಸಿತು. ಟಿಪ್ಸು ಮಾಲೀಕರಿಂದ ಬಂದ ಹಣವಲ್ಲ, ಗಿರಾಕಿಯಿಂದ ಬಂದದ್ದು; ಮಾಲೀಕರು ಅದನ್ನು ನೌಕರರಿಗಾಗಿ ಪಡೆದು ತಲುಪಿಸುವವರು ಮಾತ್ರ; ಆದ್ದರಿಂದ ಅದು ಸಂಬಳವಲ್ಲ, ಮಾಲೀಕರು ತೆರಿಗೆ ಕಡಿತ ಮಾಡಬೇಕಾಗಿಲ್ಲ ಎಂಬುದು ಈ ತೀರ್ಪಿನ ಸಾರಾಂಶ. ನೌಕರನ ಕೈಯಲ್ಲಿ ಅದು ‘ಇತರ ಮೂಲಗಳಿಂದ ಬಂದ ಆದಾಯ’. ಸಾಮಾನ್ಯ ಸಪ್ಲಾಯರ್ ಒಬ್ಬನ ಒಟ್ಟು ಆದಾಯ ತೆರಿಗೆ ಬೀಳುವ ಮಟ್ಟಕ್ಕೆ ಏರುವುದು ಅಪರೂಪ.

ತೀರ್ಪಿನ ಈ ತರ್ಕವು ಪಂಚತಾರಾ ಹೋಟೆಲಿಗೆ ಮಾತ್ರ ಸೀಮಿತವಲ್ಲ. ಕಾರ್ಡಿನ ಜಾಗದಲ್ಲಿ ಯುಪಿಐ ಎಂದು ಓದಿಕೊಂಡರೆ ಕುಮಟಾ, ಹೊನ್ನಾವರ, ಭಟ್ಕಳಗಳ ಊಟದ ಹೋಟೆಲು, ಲಾಡ್ಜುಗಳಿಗೂ ಅದು ಹೊಂದುತ್ತದೆ. ಒಂದು ಎಚ್ಚರಿಕೆ ಮಾತ್ರ ಅಗತ್ಯ: ‘ತಿಂಗಳಿಗೆ ಇಂತಿಷ್ಟು ಟಿಪ್ಸು ಖಾತರಿ’ ಎಂದು ನೇಮಕಾತಿಯ ಷರತ್ತಿನಲ್ಲಿಯೇ ಬರೆದುಕೊಟ್ಟರೆ ಅದು ಸಂಬಳದ ಸ್ವರೂಪ ಪಡೆಯುವ ಸಾಧ್ಯತೆಯುಂಟು.

ಸೇವಾ ಶುಲ್ಕದ ಸ್ಥಿತಿ

ಕಡಲತೀರದ ಕೆಲವು ರೆಸಾರ್ಟುಗಳು ದೊಡ್ಡ ಊರುಗಳ ಮಾದರಿಯಲ್ಲಿ ಬಿಲ್ಲಿಗೆ ಸೇವಾ ಶುಲ್ಕ ಸೇರಿಸಲು ಬಯಸಬಹುದು. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರವು 2022ರ ಜುಲೈ 4ರಂದು ಹೊರಡಿಸಿದ ಮಾರ್ಗಸೂಚಿಯ ಪ್ರಕಾರ, ಸೇವಾ ಶುಲ್ಕವನ್ನು ಬಿಲ್ಲಿನಲ್ಲಿ ತಾನಾಗಿ ಸೇರಿಸುವಂತಿಲ್ಲ. ಬೇರೆ ಹೆಸರಿನಲ್ಲಿಯೂ ವಸೂಲು ಮಾಡುವಂತಿಲ್ಲ. ಕೊಡದವರಿಗೆ ಪ್ರವೇಶ ಅಥವಾ ಸೇವೆ ನಿರಾಕರಿಸುವಂತಿಲ್ಲ. ಅದನ್ನು ಊಟದ ಮೊತ್ತಕ್ಕೆ ಕೂಡಿಸಿ ಒಟ್ಟು ಮೊತ್ತದ ಮೇಲೆ ಜಿಎಸ್‌ಟಿ ವಿಧಿಸುವಂತಿಲ್ಲ. ಹೋಟೆಲು ಸಂಘಟನೆಗಳು ಇದನ್ನು ಪ್ರಶ್ನಿಸಿದಾಗ ದೆಹಲಿ ಉಚ್ಚ ನ್ಯಾಯಾಲಯವು ಮೊದಲು ತಡೆಯಾಜ್ಞೆ ನೀಡಿತ್ತಾದರೂ, 2025ರ ಮಾರ್ಚ್ 28ರಂದು ಏಕಸದಸ್ಯ ಪೀಠವು ಅರ್ಜಿಗಳನ್ನು ವಜಾ ಮಾಡಿ ಮಾರ್ಗಸೂಚಿಯನ್ನು ಎತ್ತಿಹಿಡಿಯಿತು. ಗಿರಾಕಿಯು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು.

ಸಿಬ್ಬಂದಿಗೆ ಹೆಚ್ಚು ಕೊಡಬೇಕೆಂದಿರುವ ಮಾಲೀಕರಿಗೆ ದಾರಿ ಮುಚ್ಚಿಲ್ಲ. ತಿಂಡಿ-ಊಟದ ದರವನ್ನೇ ಯುಕ್ತವಾಗಿ ನಿಗದಿ ಮಾಡಿ, ಅದರಿಂದ ಸಂಬಳ ಏರಿಸುವುದು ನೇರವಾದ ಮಾರ್ಗ.

ಹೊರದೇಶಗಳ ಅನುಭವ

ಗೋಕರ್ಣಕ್ಕೆ ಬರುವ ವಿದೇಶಿ ಪ್ರವಾಸಿಗರ ನಡವಳಿಕೆಯಲ್ಲಿ ಕಾಣುವ ವ್ಯತ್ಯಾಸಕ್ಕೆ ಅವರವರ ದೇಶದ ಪದ್ಧತಿಯೇ ಕಾರಣ. ಜಪಾನಿನಲ್ಲಿ ಟಿಪ್ಸು ಕೊಡುವ ರೂಢಿಯಿಲ್ಲ. ಕೊಟ್ಟರೂ ವಿನಯದಿಂದ ಹಿಂದಿರುಗಿಸುವುದುಂಟು. ಅಮೆರಿಕದಲ್ಲಿ ಟಿಪ್ಸು ಪಡೆಯುವ ನೌಕರರಿಗೆ ಮಾಲೀಕರು ನೇರವಾಗಿ ಕೊಡಬೇಕಾದ ಕನಿಷ್ಠ ನಗದು ವೇತನ, ಕೇಂದ್ರ ಕಾನೂನಿನ ಪ್ರಕಾರ, ಗಂಟೆಗೆ ಕೇವಲ 2.13 ಡಾಲರ್. ಈ ದರ 1991ರಿಂದ ಏರಿಲ್ಲ. ಟಿಪ್ಸು ಸೇರಿಯೂ ಸಾಮಾನ್ಯ ಕನಿಷ್ಠ ವೇತನವಾದ 7.25 ಡಾಲರ್ ತುಂಬದಿದ್ದರೆ ಕೊರತೆಯನ್ನು ಮಾಲೀಕರು ತುಂಬಿಕೊಡಬೇಕು. ಅನೇಕ ರಾಜ್ಯಗಳು ಇದಕ್ಕಿಂತ ಹೆಚ್ಚಿನ ದರ ನಿಗದಿಪಡಿಸಿವೆ. ಹಾಗಿದ್ದರೂ ಸಂಬಳದ ಭಾರವನ್ನು ಗಿರಾಕಿಯ ಮೇಲೆ ಹೊರಿಸುವ ಈ ಪದ್ಧತಿಯ ಕುರಿತು ಅಲ್ಲಿಯೇ ಬಹುಕಾಲದಿಂದ ಆಕ್ಷೇಪಗಳಿವೆ.

ಬ್ರಿಟನ್ ಹಿಡಿದ ದಾರಿ ಬೇರೆ. ಅಲ್ಲಿ 2023ರಲ್ಲಿ ಅಂಗೀಕೃತವಾಗಿ 2024ರ ಅಕ್ಟೋಬರ್ 1ರಿಂದ ಜಾರಿಯಾದ ಕಾಯ್ದೆಯು ಟಿಪ್ಸಿನ ಹಣವನ್ನು ಮಾಲೀಕರು ತಮಗಾಗಿ ಉಳಿಸಿಕೊಳ್ಳದೆ ನೌಕರರಿಗೆ ಹಂಚಬೇಕೆಂದೂ, ಮುಂದಿನ ತಿಂಗಳ ಕೊನೆಯೊಳಗೆ ತಲುಪಿಸಬೇಕೆಂದೂ, ಹಂಚಿಕೆಯ ನಿಯಮವನ್ನು ಲಿಖಿತವಾಗಿಟ್ಟು ದಾಖಲೆ ಕಾಪಾಡಬೇಕೆಂದೂ ಹೇಳುತ್ತದೆ. ನಮ್ಮಲ್ಲಿ ಇಂತಹ ಪ್ರತ್ಯೇಕ ಕಾಯ್ದೆಯಿಲ್ಲ. ಆದರೆ ಇದರಲ್ಲಿರುವ ಕ್ರಮವನ್ನು ಯಾವ ಹೋಟೆಲಾದರೂ ಸ್ವಇಚ್ಛೆಯಿಂದ ಪಾಲಿಸಬಹುದು.

ಲೆಕ್ಕದಲ್ಲಿ ಬರೆಯುವ ಬಗೆ

ಒಂದು ಉದಾಹರಣೆಯಿಂದ ವಿಷಯ ಸ್ಪಷ್ಟವಾಗುತ್ತದೆ. ಹೆದ್ದಾರಿ ಬದಿಯ ಹೋಟೆಲೊಂದರಲ್ಲಿ 12 ಜನ ಕೆಲಸಗಾರರಿದ್ದಾರೆಂದು ಭಾವಿಸೋಣ: ಸಪ್ಲಾಯರುಗಳು 5, ಅಡುಗೆಯವರು 3, ಕ್ಲೀನರುಗಳು 3, ಗಲ್ಲಾದ ಗುಮಾಸ್ತ 1. ಒಂದು ತಿಂಗಳಲ್ಲಿ ಬಿಲ್ಲಿಗಿಂತ ಹೆಚ್ಚಾಗಿ ಯುಪಿಐ ಮೂಲಕ ಬಂದ ಹಣ 8,600 ರೂಪಾಯಿ, ಟಿಪ್ಸು ಡಬ್ಬಿಯಲ್ಲಿ ಬಿದ್ದ ನಗದು 5,400 ರೂಪಾಯಿ. ಒಟ್ಟು 14,000 ರೂಪಾಯಿ.

ಯುಪಿಐ ಮೂಲಕ ಬಂದ 8,600 ರೂಪಾಯಿಯನ್ನು ಮಾರಾಟವೆಂದು ಬರೆದರೆ ಏನಾಗುತ್ತದೆ? ಶೇ. 5ರ ದರದಲ್ಲಿ ಜಿಎಸ್‌ಟಿ ಕಟ್ಟುವ ಹೋಟೆಲು ಆ ಮೊತ್ತದೊಳಗಿಂದ ಸುಮಾರು 410 ರೂಪಾಯಿಯನ್ನು ಪ್ರತಿ ತಿಂಗಳು ಅನಾವಶ್ಯಕವಾಗಿ ಕಟ್ಟುತ್ತದೆ. ವರ್ಷಕ್ಕೆ 1,03,200 ರೂಪಾಯಿ ವಹಿವಾಟು ಹೆಚ್ಚಾಗಿ ಕಾಣುತ್ತದೆ. ವಹಿವಾಟಿನ ಶೇ. 6ರಷ್ಟನ್ನು ಲಾಭವೆಂದು ತೋರಿಸುವ ಊಹಾತ್ಮಕ ಆದಾಯ ಯೋಜನೆಯಲ್ಲಿರುವವರಿಗೆ, ತಮಗೆ ಸೇರದ ಹಣದ ಮೇಲೆ 6,192 ರೂಪಾಯಿ ಲಾಭ ತೋರಿಸಿದಂತಾಗುತ್ತದೆ.

ಬರೆಯದೆಯೇ ಬಿಟ್ಟರೂ ತೊಂದರೆಯಿದೆ. 2025ರ ಜುಲೈ ತಿಂಗಳಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯು ಯುಪಿಐ ಜಮೆಗಳ ಆಧಾರದ ಮೇಲೆ ಸಣ್ಣ ವರ್ತಕರಿಗೆ ನೋಟೀಸು ಕೊಟ್ಟದ್ದು ಎಲ್ಲರಿಗೂ ನೆನಪಿದೆ. ಬ್ಯಾಂಕಿನ ಜಮೆಗೂ ಬಿಲ್ಲುಗಳ ಮೊತ್ತಕ್ಕೂ ಇರುವ ವ್ಯತ್ಯಾಸಕ್ಕೆ ವಿವರಣೆ ಕೇಳಿದಾಗ, ‘ಅದು ಹುಡುಗರ ಟಿಪ್ಸು’ ಎಂಬ ಬಾಯಿಮಾತು ಸಾಲುವುದಿಲ್ಲ. ದಾಖಲೆ ಬೇಕು.

ಆ ದಾಖಲೆ ಕಷ್ಟದ್ದಲ್ಲ. ಲೆಕ್ಕದ ಪುಸ್ತಕದಲ್ಲಿ ‘ಸಿಬ್ಬಂದಿ ಟಿಪ್ಸ್ ಖಾತೆ’ ಎಂಬ ಹೆಸರಿನಲ್ಲಿ ಕೊಡಬೇಕಾದ ಬಾಕಿಯ ಖಾತೆಯೊಂದನ್ನು ತೆರೆಯಬೇಕು. ಪ್ರತಿದಿನ ಯುಪಿಐ ಜಮೆಯಲ್ಲಿ ಬಿಲ್ಲಿನ ಮೊತ್ತವನ್ನು ಕಳೆದು ಉಳಿದ ಹಣವನ್ನು ಈ ಖಾತೆಗೆ ಜಮೆ ಬರೆಯಬೇಕು. ಹಂಚಿದ ದಿನ ಖರ್ಚು ಬರೆದು, ಪಡೆದವರ ಸಹಿ ಅಥವಾ ಬ್ಯಾಂಕ್ ವರ್ಗಾವಣೆಯ ದಾಖಲೆ ಇಟ್ಟುಕೊಳ್ಳಬೇಕು. ಹಂಚಿಕೆ ಪೂರ್ಣವಾದಾಗ ಖಾತೆಯಲ್ಲಿ ಬಾಕಿ ಶೂನ್ಯವಾಗಬೇಕು. ಇದಕ್ಕಿಂತಲೂ ಸುಲಭದ ಉಪಾಯವೆಂದರೆ ಟಿಪ್ಸಿಗಾಗಿಯೇ ಪ್ರತ್ಯೇಕ ಬ್ಯಾಂಕ್ ಖಾತೆಯ ಕ್ಯೂಆರ್ ಕೋಡ್ ಇಡುವುದು. ಆಗ ಎರಡು ಹಣ ಬೆರೆಯುವುದೇ ಇಲ್ಲ.

ಹಂಚಿಕೆ ಹೇಗೆ?

ಬಡಿಸಿದವನಿಗೇ ಎಲ್ಲವೂ ಸೇರಬೇಕೇ ಎಂಬ ವಾದ ಹಿಂದಿನಿಂದಲೂ ಇದೆ. ಗಿರಾಕಿಯ ಕಣ್ಣಿಗೆ ಬೀಳುವವನು ಸಪ್ಲಾಯರ್. ಆದರೆ ಮೀನಿನ ಸಾರು ರುಚಿಯಾಗಿದ್ದರೆ ಅದು ಒಲೆಯ ಮುಂದೆ ನಿಂತವರ ಶ್ರಮ. ಮೇಜು ಚೊಕ್ಕಟವಾಗಿದ್ದರೆ ಕ್ಲೀನರ್ ಹುಡುಗನ ಶ್ರಮ. ಕೈಗೆ ಕೊಟ್ಟದ್ದು ಕೈಗೆ, ಡಬ್ಬಿಗೂ ಯುಪಿಐಗೂ ಬಂದದ್ದು ಎಲ್ಲರಿಗೆ ಎಂಬ ನಿಯಮ ಸಾಮಾನ್ಯವಾಗಿ ಒಪ್ಪಿಗೆಯಾಗುತ್ತದೆ.

ಮೇಲಿನ ಉದಾಹರಣೆಯಲ್ಲಿ ಸಪ್ಲಾಯರಿಗೆ ತಲಾ 3 ಪಾಲು, ಅಡುಗೆಯವರಿಗೆ ಮತ್ತು ಕ್ಲೀನರಿಗೆ ತಲಾ 2 ಪಾಲು, ಗುಮಾಸ್ತನಿಗೆ 1 ಪಾಲು ಎಂದಾದರೆ ಒಟ್ಟು 28 ಪಾಲುಗಳು. 14,000 ರೂಪಾಯಿಯನ್ನು ಹಂಚಿದಾಗ ಒಂದು ಪಾಲಿಗೆ 500 ರೂಪಾಯಿ. ಸಪ್ಲಾಯರಿಗೆ 1,500, ಅಡುಗೆಯವರಿಗೂ ಕ್ಲೀನರಿಗೂ 1,000, ಗುಮಾಸ್ತನಿಗೆ 500 ರೂಪಾಯಿ ದೊರೆಯುತ್ತದೆ. ರಜೆಯ ದಿನಗಳಿಗೆ ತಕ್ಕಂತೆ ಪಾಲು ಕಡಿಮೆ ಮಾಡಬಹುದು. ಪಾಲಿನ ಪ್ರಮಾಣವನ್ನು ಸಿಬ್ಬಂದಿಯೇ ಕೂಡಿ ನಿರ್ಧರಿಸಿದರೆ ಉತ್ತಮ. ಮಾಲೀಕರು ಮತ್ತು ಅವರ ಮನೆಯವರು ಇದರಲ್ಲಿ ಪಾಲು ತೆಗೆದುಕೊಳ್ಳಬಾರದು. ಒಡೆದ ಲೋಟ, ತಪ್ಪಿದ ಬಿಲ್ಲುಗಳ ನಷ್ಟವನ್ನು ಈ ಹಣದಿಂದ ಮುರಿದುಕೊಳ್ಳುವ ಅಭ್ಯಾಸವೂ ಸಲ್ಲದು.

ಸಂಬಳಕ್ಕೆ ಟಿಪ್ಸು ಬದಲಿಯಲ್ಲ

ಕರಾವಳಿಯ ಹೋಟೆಲು ವ್ಯವಹಾರಕ್ಕೆ ಋತುವಿನ ಬಂಧನವಿದೆ. ಡಿಸೆಂಬರಿನಲ್ಲಿ ಗೋಕರ್ಣ, ಮುರುಡೇಶ್ವರಗಳಲ್ಲಿ ಕೋಣೆ ಸಿಗುವುದು ಕಷ್ಟ. ಜುಲೈ ಮಳೆಯಲ್ಲಿ ಅವೇ ಮೇಜುಗಳು ಖಾಲಿ. ಡಿಸೆಂಬರಿನ ಟಿಪ್ಸನ್ನು ನಂಬಿ ಕಡಿಮೆ ಸಂಬಳಕ್ಕೆ ನಿಂತ ಕೆಲಸಗಾರನು ಮಳೆಗಾಲದಲ್ಲಿ ಮನೆಗೆ ಹಣ ಕಳಿಸಲಾಗದೆ ಗೋವಾಕ್ಕೋ ಬೆಂಗಳೂರಿಗೋ ಹೊರಡುತ್ತಾನೆ. ಅಕ್ಟೋಬರಿನಲ್ಲಿ ಮಾಲೀಕರು ಮತ್ತೆ ಹೊಸಬರನ್ನು ಹುಡುಕಿ, ಕಲಿಸಿ, ತಪ್ಪು ಸಹಿಸಬೇಕಾಗುತ್ತದೆ. ಉಳಿಸಿದ ಸಂಬಳಕ್ಕಿಂತ ಈ ನಷ್ಟ ಹೆಚ್ಚಿನದು.

2025ರ ನವೆಂಬರ್ 21ರಿಂದ ಜಾರಿಗೆ ಬಂದ ವೇತನ ಸಂಹಿತೆಯು ಕನಿಷ್ಠ ವೇತನದ ಹಕ್ಕನ್ನು ಎಲ್ಲ ಉದ್ಯೋಗಗಳಿಗೂ ವಿಸ್ತರಿಸಿದೆ. ಮಾಸಿಕ ವೇತನವನ್ನು ಮುಂದಿನ ತಿಂಗಳ 7ನೆಯ ದಿನದೊಳಗೆ ಕೊಡಬೇಕು. ಗಿರಾಕಿಯು ಕೊಟ್ಟ ಹಣವನ್ನು ತೋರಿಸಿ ಈ ಹೊಣೆಯಿಂದ ಜಾರಿಕೊಳ್ಳಲಾಗದು.

ಈ ಮಾತು ಹೋಟೆಲಿನವರಿಗೆ ಮಾತ್ರ ಸಲ್ಲುವುದಲ್ಲ. ಲಾಡ್ಜಿನ ರೂಮ್‌ಬಾಯ್, ಕ್ಷೌರದಂಗಡಿಯ ಕೆಲಸಗಾರ, ಗ್ಯಾರೇಜಿನ ಹುಡುಗ ಮೊದಲಾದವರಿಗೂ ಗಿರಾಕಿಗಳು ಈಗ ಅಂಗಡಿಯ ಕ್ಯೂಆರ್ ಮೂಲಕವೇ ‘ಖುಷಿ’ ಸೇರಿಸಿ ಕಳಿಸುತ್ತಾರೆ. ಸಣ್ಣ ಕಾರ್ಖಾನೆಯವರು ಮಾಲು ಇಳಿಸುವ ಹಮಾಲರಿಗೆ ಕೊಡುವ ಚಹಾ ಹಣವನ್ನು ಕೂಲಿಯಿಂದ ಬೇರೆಯಾಗಿ ಚಿಲ್ಲರೆ ಖರ್ಚಿನಲ್ಲಿ ಬರೆಯುವುದು ಒಳ್ಳೆಯದು.

ಸಾರಾಂಶವಾಗಿ, ಮಾಲೀಕರು ಕೈಗೊಳ್ಳಬೇಕಾದ ಕ್ರಮಗಳು ಇಷ್ಟೇ:

1. ಟಿಪ್ಸನ್ನು ಲೆಕ್ಕಿಸದೆ ಸಂಬಳವನ್ನು ಕಾನೂನಿನ ಪ್ರಕಾರ ನಿಗದಿಪಡಿಸುವುದು.

2. ಬಿಲ್ಲಿನಲ್ಲಿ ಸೇವಾ ಶುಲ್ಕವನ್ನು ತಾನಾಗಿ ಸೇರಿಸದಿರುವುದು.

3. ಯುಪಿಐ ಮೂಲಕ ಬಂದ ಟಿಪ್ಸಿಗೆ ಪ್ರತ್ಯೇಕ ಖಾತೆ ಅಥವಾ ಪ್ರತ್ಯೇಕ ಕ್ಯೂಆರ್ ಇಡುವುದು.

4. ಹಂಚಿಕೆಯ ನಿಯಮವನ್ನು ಬರೆದು ಸಿಬ್ಬಂದಿಗೆ ಕಾಣುವಂತೆ ತೂಗುಹಾಕುವುದು.

5. ವಾರಕ್ಕೋ ತಿಂಗಳಿಗೋ ಒಮ್ಮೆ ಪೂರ್ತಿ ಹಂಚಿ ಸಹಿ ಪಡೆಯುವುದು.

ದಿನಕ್ಕೆ ಐದು ನಿಮಿಷದ ಬರವಣಿಗೆಯಿಂದ ಇದೆಲ್ಲವೂ ಸಾಧ್ಯ. ತನ್ನ ಹೆಸರಿನಲ್ಲಿ ಗಿರಾಕಿ ಕೊಟ್ಟ 15 ರೂಪಾಯಿ ತಪ್ಪದೆ ತನಗೆ ತಲುಪುತ್ತದೆಂದು ತಿಳಿದ ಕೆಲಸಗಾರನು ಮಾಲೀಕರ ಗಲ್ಲಾವನ್ನೂ ಅಷ್ಟೇ ಪ್ರಾಮಾಣಿಕತೆಯಿಂದ ಕಾಯುತ್ತಾನೆ. ವ್ಯಾಪಾರದಲ್ಲಿ ಇದಕ್ಕಿಂತ ಕಡಿಮೆ ಖರ್ಚಿನ ಭದ್ರತೆ ಬೇರೊಂದಿಲ್ಲ.